ಪರದೆಯ ಆಚೆಯಿಂದ ಬರುತ್ತಿದ್ದ ಅಳತೆ

ಮನೆಯಲ್ಲೇ ಕೂತು ದುಡಿಯುವವನಿಗೆ ಕೆಲಸಕ್ಕೆ ಹೊರಡುವ ಹೊತ್ತಿಲ್ಲ, ಕೆಲಸ ಬಿಟ್ಟು ಬರುವ ಹೊತ್ತೂ ಇಲ್ಲ. ಮೊದಮೊದಲು ಇದನ್ನೇ ಸುಖ ಅಂದುಕೊಂಡಿದ್ದೆ. ಯಜಮಾನರ ಮುಖ ನೋಡುವುದಿಲ್ಲ, ಬೆಳಿಗ್ಗೆ ಬಸ್ಸಿಗೆ ಓಡುವುದಿಲ್ಲ ಅಂತ ಹಿಗ್ಗಿದ್ದೆ. ಒಂದು ಕಾಫಿ ಕೊಯ್ಲಿನ ಕಾಲ ಕಳೆಯುವಷ್ಟರಲ್ಲಿ ತಿಳಿಯಿತು. ಅಂಗಡಿಗಾದರೆ ಮುಚ್ಚಲು ಬಾಗಿಲಿರುತ್ತದೆ. ಮನೆಗೆ ಇರುವುದಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಳಸದ ಪೇಟೆಯಲ್ಲಿ ಒಬ್ಬರ ಟೈಲರ್ ಅಂಗಡಿ ಸೇರಿ, ಗುಂಡಿಗೆ ಕಾಜ ಹಾಕುವುದರಿಂದ ಶುರುಮಾಡಿ ಕಟಿಂಗ್‌ವರೆಗೆ ಕಲಿತೆ. ತೊಂಬತ್ತರ ದಶಕದ ಮೊದಲಿಗೆ ಯಜಮಾನರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದರು. ಅವರ ಹಳೆಯ ಮೆಷಿನ್ನೊಂದನ್ನು ಜೀಪಿನ ಮೇಲೆ ಕಟ್ಟಿಸಿಕೊಂಡು ಸಂಸೆ ರಸ್ತೆಯಲ್ಲಿದ್ದ ನಮ್ಮ ಮನೆಗೆ ತಂದೆ. ಮನೆಯೆಂದರೆ ರಸ್ತೆಗೆ ಮುಖ ಮಾಡಿದ ಒಂದು ಜಗುಲಿ, ಒಂದು ಕೋಣೆ, ಹಿಂದೆ ಅಡಿಗೆಮನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಮ್ಮನೂ ತಂಗಿಯೂ ಪಕ್ಕದ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮೆಷಿನ್ನು ಬಂದ ಮೇಲೆ ತಂಗಿಯನ್ನು ತೋಟದ ಕೆಲಸ ಬಿಡಿಸಿದೆ. ಅವಳಿಗೆ ನೆರಳು ಸಿಗಲಿ ಅಂತ ಎಲ್ಲರಿಗೂ ಹೇಳಿದೆ. ನಿಜವಾಗಿ ನನಗೆ ಕೈಕೆಲಸದವರು ಬೇಕಿತ್ತು. ಅಂಚು ಮಡಿಸುವ ಹೆಮ್ಮಿಂಗ್, ಹುಕ್ಕು, ಕಾಜ ಎಲ್ಲ ಮಾಡಿಕೊಂಡು ಮೆಷಿನ್ನು ತುಳಿಯುವುದು ಒಬ್ಬನಿಂದ ಆಗುವ ಕೆಲಸವಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳು ಬೇಕಾಗಿದ್ದದ್ದು ಅಳತೆಗೆ. ಪೇಟೆಯ ಅಂಗಡಿಗೆ ಬರುವ ಹೆಂಗಸರು ಅಳತೆಗೆಂದು ಒಂದು ಹಳೆಯ ರವಿಕೆ ತಂದುಕೊಡುತ್ತಿದ್ದರು. ನಮ್ಮಲ್ಲಿಗೆ ಬರುವವರು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹೆಂಗಸರು. ಅವರಲ್ಲಿ ಹೆಚ್ಚಿನವರಿಗೆ ಕೆಲಸಕ್ಕೆ ಎರಡೇ ರವಿಕೆ. ಒಂದು ಮೈಮೇಲೆ, ಇನ್ನೊಂದು ತಂತಿಯ ಮೇಲೆ. ಅಳತೆಗೆ ಬಿಟ್ಟುಹೋಗುವುದಕ್ಕೆ ಮೂರನೆಯದು ಎಲ್ಲಿಂದ ಬರಬೇಕು? ಹಾಗಂತ ಗಂಡಸಿನ ಕೈಯಲ್ಲಿ ಮೈಅಳತೆ ಕೊಡುವುದು ಯಾರಿಗೂ ಒಗ್ಗದ ಮಾತು. ಅದಕ್ಕೆ ಕೋಣೆಯ ಬಾಗಿಲಿಗೆ ಅಮ್ಮನ ಹಳೆಯ ಸೀರೆಯ ಪರದೆ ಕಟ್ಟಿದೆವು. ಒಳಗೆ ತಂಗಿ ಟೇಪು ಹಿಡಿದು ಅಳೆಯುವಳು, ಒಂದೊಂದನ್ನೇ ಕೂಗಿ ಹೇಳುವಳು. ಹೊರಗೆ ನಾನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವೆ. ಸುತ್ತಮುತ್ತಲಿನ ಹೆಂಗಸರೆಲ್ಲ ಕಳಸದ ಅಂಗಡಿಗಳನ್ನು ಬಿಟ್ಟು ನಮ್ಮ ಜಗುಲಿಗೆ ಬರುತ್ತಿದ್ದದ್ದು ಆ ಪರದೆಯಿಂದ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊಯ್ಲಿನ ಕಾಲದ ನಮ್ಮ ಒಂದು ದಿನ ಹೇಗಿರುತ್ತಿತ್ತು ಅಂದರೆ, ಮಂಜು ಇನ್ನೂ ರಸ್ತೆಯ ಮೇಲೆ ಮಲಗಿರುವಾಗಲೇ ತೋಟಕ್ಕೆ ಹೋಗುವ ಹೆಂಗಸರು ಜಗುಲಿಯ ಹತ್ತಿರ ನಿಲ್ಲುತ್ತಿದ್ದರು. ಬಟ್ಟೆಯ ಗಂಟು ಒಳಗೆ ಎಸೆದು, ಸಂಜೆ ಬರುತ್ತೇವೆ ಅಂತ ಹೇಳಿ ನಡೆದುಬಿಡುವರು. ಹಾಜರಿಗೆ ತಡವಾದರೆ ಮೇಸ್ತ್ರಿ ಬಾಯಿ ಮಾಡುತ್ತಾನೆ ಅಂತ ಅವರಿಗೆ ಅವಸರ. ಆ ಹೊತ್ತಿಗೆ ತಂಗಿ ಒಲೆಯ ಮುಂದೆ ಕೂತು, ನೀರು ಕಾಯುವಷ್ಟರಲ್ಲಿ ಹಿಂದಿನ ದಿನದ ಹೆಮ್ಮಿಂಗ್ ಮುಗಿಸುತ್ತಿದ್ದಳು. ಒಲೆಯ ಕೆಂಡವನ್ನೇ ಇಸ್ತ್ರಿ ಪೆಟ್ಟಿಗೆಗೆ ತುಂಬಿ ತಂದಿಡುತ್ತಿದ್ದಳು. ನಾನು ಮೆಷಿನ್ನಿಗೆ ಎಣ್ಣೆ ಬಿಟ್ಟು ಕೂತರೆ, ಊಟಕ್ಕೆ ಅಂತ ತಂಗಿ ಎರಡು ಸಲ ಕರೆದ ಮೇಲೆ ಏಳುತ್ತಿದ್ದೆ.

ರವಿಕೆ ಮಾತ್ರವಲ್ಲ. ಕಾಫಿಹಣ್ಣು ಕೊಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ, ಸೀರೆಯ ಮೇಲೆ ಹಾಕಿಕೊಳ್ಳುವ ಗಂಡಸರ ತುಂಬುತೋಳಿನ ಅಂಗಿಗೆ ತೇಪೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಕ್ಕಳ ಯೂನಿಫಾರಂ, ಹರಿದ ಕಂಬಳಿಯ ಅಂಚು, ಎಲ್ಲವೂ ಬರುತ್ತಿತ್ತು. ಆಗುವುದಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಒಮ್ಮೆ ಬೇಡ ಅಂದರೆ ಆ ಗಂಟು ಬೇರೆ ಜಗುಲಿ ಹುಡುಕಿಕೊಂಡು ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂಬ ಹೆದರಿಕೆ. ಈ ಹೆದರಿಕೆ ಅಂಗಡಿಯಲ್ಲಿ ಸಂಬಳಕ್ಕಿದ್ದಾಗ ನನಗೆ ಇರಲಿಲ್ಲ.

ಮನೆಯಲ್ಲೇ ಇರುವವನಿಗೆ ಕೆಲಸ ಇರುತ್ತದೆ ಅಂತ ಊರಿಗೆ ಅನ್ನಿಸುವುದೂ ಇಲ್ಲ. ಪಕ್ಕದವರು ಬೀಗದ ಕೈ ಕೊಟ್ಟುಹೋಗುವರು. ಬಸ್ಸಿನ ಕಂಡಕ್ಟರು ಯಾರದೋ ಪಾರ್ಸೆಲ್ ಇಳಿಸಿ ಹೋಗುವನು. ಒಬ್ಬಾಕೆ ಅಂಗಳದಲ್ಲಿ ಕಾಫಿಬೀಜ ಒಣಹಾಕಿ, ಕೋಳಿ ಬಂದರೆ ಓಡಿಸಿ ಅಂತ ಹೇಳಿ ಪೇಟೆಗೆ ಹೋಗುವಳು. ಎಲ್ಲರದೂ ಒಂದೇ ಮಾತು, "ಹೇಗೂ ಮನೇಲೇ ಇರ್ತಿಯಲ್ಲ ಮಾರಾಯ." ಕೋಳಿ ಓಡಿಸಲು ಏಳುತ್ತಿದ್ದದ್ದು ತಂಗಿ. ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಟ್ಟು ಹೋಗಿ ಬಂದು ಮತ್ತೆ ಕೂರುವಳು. ನಾನು ಮೆಷಿನ್ನಿನಿಂದ ಏಳುವ ಪದ್ಧತಿ ಇರಲಿಲ್ಲ. ಸಂಜೆ ಹೆಂಗಸರು ಹಣ್ಣಿನ ಅಂಟು ಹತ್ತಿದ ಕೈಯಲ್ಲಿ ಬಂದು, ಆಯಿತಾ ಅಂತ ಕೇಳುವರು. ಆಗಿರುತ್ತಿರಲಿಲ್ಲ. ನಾಳೆ ಅನ್ನುವೆ. ನಾಳೆಯೂ ಇಂಥದೇ ದಿನ. ಭಾನುವಾರ ಉಳಿದವರಿಗೆಲ್ಲ ರಜೆಯಾದ್ದರಿಂದ ನಮಗೆ ಅಂದೇ ಹೆಚ್ಚು ಜನ.

ಹೀಗೆ ನಡೆಯುತ್ತಿದ್ದಾಗ ಒಂದು ಕೊಯ್ಲಿನ ಕಾಲದಲ್ಲಿ ನನಗೆ ಜ್ವರ ಬಂದು ಮಲಗಿದೆ. ಕತ್ತರಿಸಬೇಕಾದ ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿತ್ತು. ತಂಗಿಗೆ ನಾನು ಕತ್ತರಿ ಕೊಟ್ಟವನಲ್ಲ. ಬಿಡುವಾದಾಗ ಹೇಳಿಕೊಡುತ್ತೇನೆ ಅಂತ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೆ. ಆ ದಿನಗಳಲ್ಲಿ ಅವಳು ಯಾರನ್ನೂ ಕೇಳದೆ ಬಟ್ಟೆ ಹರವಿ ಕತ್ತರಿಸಿದಳು, ತಾನೇ ತುಳಿದು ಹೊಲಿದಳು. ಮಲಗಿದ್ದಲ್ಲಿಗೆ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು. ಹಾಳು ಮಾಡುತ್ತಾಳೆ, ಎದ್ದು ಹೋಗಿ ತಡೆಯಬೇಕು ಅನ್ನಿಸುತ್ತಿತ್ತು. ಏಳಲು ಕಾಲಿನಲ್ಲಿ ಬಲವಿರಲಿಲ್ಲ.

ಹಾಳಾಗಿರಲಿಲ್ಲ. ನಾನು ಪೇಟೆಯಲ್ಲಿ ಕಲಿತದ್ದು ಕೈ ಕೆಳಗಿಟ್ಟುಕೊಂಡು ಕೂರುವವರ ರವಿಕೆ. ಕಂಕುಳಿಗೆ ಸರಿಯಾಗಿ ಹಿಡಿದು ಕತ್ತರಿಸಿದರೆ ನೋಡಲು ಚೆಂದ. ಹಣ್ಣು ಕೊಯ್ಯುವವರು ಬೆಳಿಗ್ಗೆಯಿಂದ ಸಂಜೆವರೆಗೆ ಕೈ ಮೇಲೆತ್ತಿ ಕೊಂಬೆ ಬಗ್ಗಿಸುತ್ತಾರೆ. ನನ್ನ ರವಿಕೆ ಅವರ ಕಂಕುಳಲ್ಲಿ ಪರ್ರೆಂದು ಹರಿಯುತ್ತಿತ್ತು. ಹರಿದದ್ದನ್ನು ನನ್ನ ಹತ್ತಿರವೇ ತೇಪೆಗೆ ತರುತ್ತಿದ್ದರು. ನನಗೆ ಅದು ಬಟ್ಟೆಯ ದೋಷವಾಗಿ ಕಾಣುತ್ತಿತ್ತು. ತಂಗಿ ಎಷ್ಟೋ ಕೊಯ್ಲು ತಾನೇ ಕೊಂಬೆ ಬಗ್ಗಿಸಿದವಳು. ಅವಳು ಕಂಕುಳಲ್ಲಿ ಚಿಕ್ಕದೊಂದು ಚೌಕದ ತುಂಡು ಓರೆಯಾಗಿ ಸೇರಿಸಿದ್ದಳು. ಕೈ ಎತ್ತಿದರೆ ರವಿಕೆ ಮೇಲೆ ಬರುವುದಿಲ್ಲ, ಹೊಲಿಗೆ ಬಿಡುವುದಿಲ್ಲ.

ನಾನು ಎದ್ದು ಕೂರುವ ಹೊತ್ತಿಗೆ ಅಂಥ ರವಿಕೆ ಹಾಕಿಕೊಂಡವರು ಇನ್ನೊಂದು ಬೇಕೆಂದು ಬರಲು ಶುರುವಾಗಿತ್ತು. ಒಬ್ಬ ಹಿರಿಯಾಕೆ ಜಗುಲಿಯಲ್ಲೇ ಎರಡೂ ಕೈ ಮೇಲೆತ್ತಿ ತೋರಿಸಿ, ಈಗ ನೀವು ಕೆಲಸ ಕಲಿತಿರಿ ನೋಡಿ ಅಂತ ನಗಾಡಿದರು. ತಂಗಿ ಅಲ್ಲೇ ಹುಕ್ಕು ಹಾಕುತ್ತಾ ಕೂತಿದ್ದಳು. ನಾನು ಕತ್ತರಿಸಿದ್ದಲ್ಲ ಅಂತ ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ನಾನೂ ನಕ್ಕೆ. ತಂಗಿಯೂ ನಕ್ಕಳು. ಅವಳಿಗೆ ಆಗ ಅದು ದೊಡ್ಡ ವಿಷಯವಾಗಿರಲಿಲ್ಲ ಅಂತ ಕಾಣುತ್ತದೆ. ಮನೆಯ ಕೆಲಸ ಯಾರು ಮಾಡಿದರೇನು ಅನ್ನುವ ಸ್ವಭಾವ ಅವಳದು. ಅವಳು ಆ ಚೌಕದ ತುಂಡನ್ನು ಕಾಗದದ ಮೇಲೆ ಇಟ್ಟು ಅದರ ಅಚ್ಚು ಕತ್ತರಿಸಿ ಕೊಟ್ಟಳು. ಅಲ್ಲಿಂದ ಮುಂದೆ ಕಂಕುಳ ಭಾಗ ಬಂದಾಗ ಮಾತ್ರ ಕತ್ತರಿ ಅವಳ ಕೈಗೆ ಹೋಗುತ್ತಿತ್ತು. ಉಳಿದದ್ದು ನನ್ನದು. ಹೆಸರು ಪೂರ್ತಿ ನನ್ನದು.

ಮಾರನೆಯ ವರ್ಷ ಕೊಯ್ಲು ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಇಳಿದವರು ಸಂಸೆ ಕಡೆಯ ಎಸ್ಟೇಟೊಂದರ ಯಜಮಾನರ ಹೆಂಡತಿ. ಅವರು ನಮ್ಮ ಜಗುಲಿಗೆ ಕಾಲಿಡುವಂಥವರಲ್ಲ. ನಾನು ಗಡಿಬಿಡಿಯಲ್ಲಿ ಎದ್ದು ಸ್ಟೂಲು ಒರೆಸಿ ಕೊಟ್ಟೆ. ಲೈನ್ ಮನೆಯ ಹೆಣ್ಣುಮಕ್ಕಳಿಗೆ ಅಂತ ತಾವು ನಾಲ್ಕಾರು ಹೆಂಗಸರು ಸೇರಿ ಸಂಸೆಯಲ್ಲಿ ಹೊಲಿಗೆ ತರಗತಿ ಶುರುಮಾಡುತ್ತಿದ್ದೇವೆ, ಮೆಷಿನ್ನುಗಳು ಬಂದಿವೆ, ಹೇಳಿಕೊಡಲು ಒಬ್ಬ ಹೆಂಗಸು ಬೇಕು ಅಂದರು. ದಿನಾ ಜೀಪು ಬಂದು ಕರೆದುಕೊಂಡು ಹೋಗುತ್ತದೆ, ಸಂಜೆ ಬಿಟ್ಟುಹೋಗುತ್ತದೆ, ತಿಂಗಳ ಸಂಬಳ ಅಂದರು. ಅವರ ತೋಟದ ಹೆಂಗಸರು ಹಾಕಿಕೊಂಡಿದ್ದ ರವಿಕೆ ನೋಡಿ ವಿಚಾರಿಸಿಕೊಂಡು ಬಂದಿದ್ದರು.

"ಆ ಕಂಕುಳ ಕಟಿಂಗ್ ಯಾರದ್ದಪ್ಪ?" ಅಂತ ಕೇಳಿದರು.

"ನಂದೇ ಅಮ್ಮ" ಅಂದೆ.

"ನಮ್ಮ ಕೆಲಸದವ್ರು ನಿನ್ನ ತಂಗಿದು ಅಂದ್ರಲ್ಲ?"

ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಂಡದ್ದು ಅವಳು ಹೋದ ಮೇಲಿನ ಖಾಲಿ ಕೋಣೆ. ಪರದೆಯ ಹಿಂದೆ ಯಾರೂ ಇಲ್ಲ. ಬಂದ ಹೆಂಗಸರು ಜಗುಲಿಯಿಂದಲೇ ತಿರುಗಿ ಹೋಗುತ್ತಿದ್ದಾರೆ.

"ಅವಳು ಹೆಮ್ಮಿಂಗ್ ಮಾಡ್ತಾಳೆ, ಅಳತೆ ತಗೊಳ್ತಾಳೆ ಅಷ್ಟೆ. ಕಟಿಂಗ್ ಅವಳಿಗೆ ಬರೋದಿಲ್ಲಮ್ಮ" ಅಂದೆ.

ತಂಗಿ ಎಲ್ಲೂ ದೂರ ಇರಲಿಲ್ಲ. ಜೀಪು ಬರುವ ಮೊದಲೇ ಒಬ್ಬಾಕೆಯನ್ನು ಅಳತೆಗೆ ಒಳಗೆ ಕರೆದುಕೊಂಡು ಹೋಗಿದ್ದಳು. ನಾವು ಮಾತಾಡುವಷ್ಟು ಹೊತ್ತೂ ಪರದೆಯ ಆಚೆಯಿಂದ ಎದೆ, ಸೊಂಟ, ಬೆನ್ನು ಅಂತ ಒಂದೊಂದೇ ಅಳತೆ ಬರುತ್ತಿತ್ತು. ನನ್ನ ಮಾತಿಗೆ ಅದು ನಿಂತುಹೋಯಿತು. ರಸ್ತೆಯಲ್ಲಿ ಜೀಪಿನ ಇಂಜಿನ್ನು ತಣ್ಣಗಾಗುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಅವಳು ಈಗ ಹೊರಗೆ ಬರುತ್ತಾಳೆ, ನನ್ನ ಮುಖದ ಮುಂದೆಯೇ ಸುಳ್ಳು ಅಂತ ಹೇಳುತ್ತಾಳೆ ಅಂದುಕೊಂಡೆ. ಹೇಳಿದ್ದರೆ ಚೆನ್ನಾಗಿತ್ತು.

"ತೋಳಿನ ಉದ್ದ ಎಂಟೂವರೆ" ಅಂತ ಕೇಳಿಸಿತು. ಸ್ವಲ್ಪ ಬಿಟ್ಟು, "ಬರ್ಕೊಂಡ್ಯಾ ಅಣ್ಣ?"

ಬರೆದುಕೊಂಡೆ ಅಂದೆ. ಬರೆದುಕೊಂಡಿರಲಿಲ್ಲ.

ಯಜಮಾನರ ಹೆಂಡತಿ ಬೇಸರದಿಂದಲೇ ಎದ್ದರು. ಹೆಣ್ಣುಮಕ್ಕಳಿಗೆ ಹೆಂಗಸೇ ಹೇಳಿಕೊಡಬೇಕೆಂಬ ಆಸೆ ಇತ್ತು, ಇರಲಿ, ಬೇರೆ ಕಡೆ ನೋಡುತ್ತೇವೆ ಅಂತ ಜೀಪು ಹತ್ತಿದರು. ಅಳತೆಗೆ ಹೋಗಿದ್ದಾಕೆ ಪರದೆ ಸರಿಸಿ ಬಂದಳು. ಅವಳ ಮೈಮೇಲಿದ್ದದ್ದು ನನಗೆ ಜ್ವರ ಬಂದಾಗ ತಂಗಿ ಹೊಲಿದ ರವಿಕೆ. ಆಕೆ ನನ್ನ ಕಡೆ ನೋಡಲಿಲ್ಲ. ಮೆಟ್ಟು ಹಾಕಿಕೊಂಡು ಇಳಿದುಹೋದಳು. ತಂಗಿ ಬಂದು ತನ್ನ ಜಾಗದಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು. ಆ ಸಂಜೆಗೆ ಕೊಡಬೇಕಾದದ್ದು ಬಹಳ ಇತ್ತು. ಹೊತ್ತು ಮುಳುಗುವವರೆಗೆ ನಾವಿಬ್ಬರೂ ಕೆಲಸ ಮಾಡಿದೆವು. ತೋಟದಿಂದ ಬಂದ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ.

ಅವಳು ಆ ಮಾತು ಎತ್ತಿದ್ದು ಎಷ್ಟೋ ದಿನ ಕಳೆದು, ಒಂದು ಮಧ್ಯಾಹ್ನ, ಕಾಜ ಹಾಕುತ್ತಾ.

"ಅಣ್ಣ, ಅವತ್ತು ನಂಗೆ ಬರೋದಿಲ್ಲ ಅಂದ್ಯಲ್ಲ."

ನಾನು ಮೆಷಿನ್ನು ನಿಲ್ಲಿಸಲಿಲ್ಲ. "ನೀ ಹೋದ್ರೆ ಇಲ್ಲಿ ಹೆಂಗಸ್ರ ಅಳತೆ ಯಾರು ತಗೊಳ್ಳೋದು ಮಾರಾಯ್ತಿ?"

"ಅದನ್ನೇ ಹೇಳಬಹುದಿತ್ತಲ್ಲ. ಇವಳು ಹೋದ್ರೆ ನಂಗೆ ಕಷ್ಟ ಅಂತ. ನಾನೇ ಹೋಗ್ತಿರ್ಲಿಲ್ಲ." ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ಬರೋದಿಲ್ಲ ಅಂದದ್ದು ಎಂತಕ್ಕೆ?"

ಬಾಬಿನ್ನಿನ ದಾರ ಮುಗಿದಿದೆ ಅನ್ನುವಂತೆ ಬಗ್ಗಿ ಅದನ್ನು ಹೊರಗೆ ತೆಗೆದೆ. ಅರ್ಧಕ್ಕಿಂತ ಹೆಚ್ಚು ದಾರ ಇತ್ತು. ಅವಳೂ ನೋಡಿದಳು. ಮತ್ತೆ ಕೇಳಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಅವಳು ಕತ್ತರಿ ಮುಟ್ಟಲಿಲ್ಲ. ಕಂಕುಳ ಭಾಗ ಬಂದಾಗ ನಾನು ಬಟ್ಟೆಯನ್ನು ಅವಳ ಕಡೆ ತಳ್ಳಿದರೆ, ಬರುವುದಿಲ್ಲ ಅನ್ನುತ್ತಿದ್ದಳು. ಕುಟುಕುವ ದನಿಯಲ್ಲಲ್ಲ. ಉಪ್ಪು ಮುಗಿದಿದೆ ಅಂತ ಹೇಳುವ ಹಾಗೆ. ಅವಳು ಕೊಟ್ಟಿದ್ದ ಕಾಗದದ ತುಂಡು ಇತ್ತು. ಆದರೆ ಯಾರಿಗೆ ಎಷ್ಟು ಓರೆ, ಎಷ್ಟು ಸಡಿಲ ಅನ್ನುವುದು ಕಾಗದದಲ್ಲಿ ಇರಲಿಲ್ಲ. ನಾನು ಕತ್ತರಿಸಿದ್ದು ಕೆಲವರಿಗೆ ಜೋತುಬಿತ್ತು, ಕೆಲವರಿಗೆ ಹಿಡಿಯಿತು. ಹೆಂಗಸರು ಸರಿಮಾಡಿಸಲು ಬಂದಾಗ ನನಗೆ ಹೇಳುತ್ತಿರಲಿಲ್ಲ. ಪರದೆಯೊಳಗೆ ಅವಳಿಗೆ ಹೇಳುತ್ತಿದ್ದರು. ಅವಳು ಹೊಲಿಗೆ ಬಿಚ್ಚಿ, ಕೈಯಲ್ಲೇ ಸರಿಮಾಡಿ ಕೊಡುತ್ತಿದ್ದಳು. ಉಳಿದಂತೆ ಅವಳ ಕೆಲಸದಲ್ಲಿ ಒಂದು ಕೂದಲೆಳೆ ಕಮ್ಮಿಯಾಗಲಿಲ್ಲ. ಕೆಂಡ ತಂದಿಟ್ಟಳು, ಕೋಳಿ ಓಡಿಸಿದಳು, ಅಳತೆ ಕೂಗಿದಳು. ಜಗಳ ಆಡಿದ್ದರೆ ನನಗೆ ಅಷ್ಟು ದಣಿವು ಆಗುತ್ತಿರಲಿಲ್ಲ. ಪ್ರತಿ ಅಳತೆ ಬಂದಾಗಲೂ ಅದರ ಹಿಂದೆ ಇನ್ನೇನೋ ಬರುತ್ತದೆಂದು ಕಾಯುತ್ತಿದ್ದೆ.

ಸಂಸೆಯ ತರಗತಿಗೆ ಮೂಡಿಗೆರೆ ಕಡೆಯಿಂದ ಒಬ್ಬರು ಟೀಚರು ಬಂದರು. ಹುಡುಗಿಯರು ಬಟ್ಟೆಯ ಗಂಟು ಹಿಡಿದು ನಮ್ಮ ಜಗುಲಿಯ ಮುಂದೆಯೇ ಹೋಗುತ್ತಿದ್ದರು. ಒಂದು ದಿನ ಮನಸ್ಸು ಗಟ್ಟಿಮಾಡಿಕೊಂಡು ಯಜಮಾನರ ಹೆಂಡತಿಗೆ ನಿಜ ಹೇಳಿಬಿಡುತ್ತೇನೆಂದು ಬಸ್ಸು ಹತ್ತಿದೆ. ಅವರ ಗೇಟಿನವರೆಗೂ ಹೋದೆ. ಯಾಕೆ ಬಂದೆ ಅಂತ ರೈಟರು ಕೇಳಿದರು. ಕೊಯ್ಲಿನ ಚೀಲಗಳ ಆರ್ಡರ್ ಇದೆಯಾ ಅಂತ ಕೇಳಲು ಬಂದೆ ಅಂದೆ. ಇತ್ತು. ಮನೆಗೆ ಹೊಸ ಕೆಲಸ ತಂದೆ. ಅದರ ದಾರ ಕಟ್ಟುವ ಕೈಕೆಲಸವೆಲ್ಲ ತಂಗಿಯೇ ಮಾಡಿದಳು.

ಕೆಲವು ವರ್ಷದ ಮೇಲೆ ಅವಳಿಗೆ ಆಲ್ದೂರಿನಲ್ಲಿ ಮದುವೆಯಾಯಿತು. ಅಮ್ಮ ಟೇಪು ಹಿಡಿಯಲು ಮುಂದೆ ಬಂದಳು. ಟೇಪನ್ನು ತಿರುವುಮುರುವು ಹಿಡಿದು ಬಾಯಿಗೆ ಬಂದದ್ದು ಕೂಗುತ್ತಿದ್ದಳು. ಆಕೆ ಹೇಳಿದ ಸೊಂಟದ ಅಳತೆಗೆ ಹೊಲಿದರೆ ಅದು ದಿಂಬಿನ ಚೀಲವಾಗುತ್ತಿತ್ತು. ನಾನೂ ಅಮ್ಮನೂ ನಕ್ಕೆವು, ಆದರೆ ಹೆಂಗಸರು ಬರುವುದು ನಿಂತಿತು. ಅಷ್ಟರಲ್ಲಿ ಸಿದ್ಧ ನೈಟಿ, ಚೂಡಿದಾರಗಳೂ ಪೇಟೆಗೆ ಬಂದವು. ನನಗೆ ಯೂನಿಫಾರಂ ಚಡ್ಡಿ, ಕೊಯ್ಲಿನ ಚೀಲ, ತೇಪೆ ಉಳಿಯಿತು. ಯಾವುದು ಆಗದಿರಲಿ ಅಂತ ತಂಗಿಯನ್ನು ತಡೆದೆನೋ ಅದೇ ಆಯಿತು. ನಾಲ್ಕು ವರ್ಷ ತಡವಾಗಿ ಆಯಿತು, ಅಷ್ಟೆ. ನಾಲ್ಕು ವರ್ಷಕ್ಕೋಸ್ಕರ ನಾನು ಅವಳಿಗೆ ಬರುವುದಿಲ್ಲ ಅಂದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಆಲ್ದೂರಿಗೆ ಹೋದೆ. ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳೂ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿದ್ದಳು. ಜಗುಲಿಯ ತುಂಬ ಹೆಂಗಸರು. ಪರದೆ ಇರಲಿಲ್ಲ, ಅಳತೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವರದೊಂದು ಮುಗಿಸಿ ಬಂದೆ, ಕೂತ್ಕೊ ಅಣ್ಣ ಅಂತ ಚಹಾ ತಂದುಕೊಟ್ಟು ಹೋದಳು. ಇವರದು ಮುಗಿಯುವಷ್ಟರಲ್ಲಿ ಅವರು ಬಂದರು. ಪಕ್ಕದ ಮನೆಯವರು ಬೀಗದ ಕೈ ಕೊಟ್ಟುಹೋದರು. ಊಟವಾಯಿತು, ಬಿಸಿಲು ಇಳಿಯಿತು. ನನ್ನ ಮಾತಿಗೆ ಆ ಜಗುಲಿಯಲ್ಲಿ ಜಾಗವೇ ಆಗಲಿಲ್ಲ. ಇಡೀ ದಿನ ಅವಳ ಕತ್ತರಿ ಬಟ್ಟೆಯ ಮೇಲೆ ಹೋಗುವುದನ್ನು ನೋಡುತ್ತಾ ಕೂತೆ. ಗುರುತು ಹಾಕದೆ ಕತ್ತರಿಸುತ್ತಿದ್ದಳು.

ಕಾಯುತ್ತಿದ್ದ ಹೆಂಗಸೊಬ್ಬಳು, ಇಷ್ಟು ಚೆಂದ ಕಟಿಂಗ್ ಯಾರು ಕಲಿಸಿದ್ದು ಅಂತ ಅವಳನ್ನು ಕೇಳಿದಳು.

"ನಮ್ಮಣ್ಣ. ಇಲ್ಲೇ ಕೂತಿದ್ದಾನಲ್ಲ" ಅಂದಳು ತಂಗಿ. ತಲೆ ಎತ್ತಲಿಲ್ಲ.

ಅದು ಮೊನಚೋ ಮರ್ಯಾದೆಯೋ ನನಗೆ ಈಗಲೂ ಗೊತ್ತಿಲ್ಲ. ಆ ಹೆಂಗಸು ನನ್ನ ಕಡೆ ತಿರುಗಿ ನಕ್ಕಳು. ಇನ್ನೊಮ್ಮೆ ಸುಮ್ಮನಿದ್ದು ಮನೆಗೆ ಹೋಗುವುದು ನನ್ನಿಂದ ಆಗಲಿಲ್ಲ.

"ನಾನು ಕಲಿಸಿಲ್ಲ ತಾಯಿ" ಅಂದೆ. "ಅವಳೇ ಕಲಿತದ್ದು. ಅವಳಿಗೆ ಬರೋದಿಲ್ಲ ಅಂತ ಹೇಳಿ, ಬಂದ ಕೆಲಸ ತಪ್ಪಿಸಿದವನು ನಾನು."

ಹೆಂಗಸು ಅದನ್ನು ತಮಾಷೆ ಅಂದುಕೊಂಡಳು. ಅಣ್ಣಂದಿರು ಹೀಗೇ, ತಂಗಿ ಮುಂದೆ ಇದ್ದರೆ ಹೊಗಳುತ್ತಾರೆ ಅಂತ ನಕ್ಕು, ತನ್ನ ಗಂಟು ಕೊಟ್ಟು ಎದ್ದುಹೋದಳು. ತಂಗಿಯ ಕತ್ತರಿ ನಿಂತಿತ್ತು.

"ಅವತ್ತು ಜೀಪಲ್ಲಿ ಬಂದ ಆ ಅಮ್ಮನ ಮುಂದೆ ಹೇಳೋ ಮಾತಾಗಿತ್ತು ಅಣ್ಣ ಅದು" ಅಂದಳು.

"ಹೌದು" ಅಂದೆ.

ಅವಳು ನನ್ನನ್ನು ನೋಡಿದಳು. ಕೋಪ ಇರಲಿಲ್ಲ, ಹಗುರಾದ ಹಾಗೂ ಕಾಣಲಿಲ್ಲ. ಬೆಳಿಗ್ಗೆಯಿಂದ ಬಗ್ಗಿ ಕತ್ತರಿಸಿದವರ ಕಣ್ಣು, ಅಷ್ಟೆ. ಇವತ್ತು ಇದ್ದು ಹೋಗು ಅಂದಳು. ಕೊಯ್ಲಿನ ಚೀಲಗಳನ್ನು ನಾಳೆ ಕೊಡುವುದಿದೆ ಅಂದೆ.

"ನಂಗೂ ನಾಳೆ ಕೊಡೋದಿದೆ" ಅಂತ ಅವಳು ಆ ಹೆಂಗಸಿನ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರವಿದಳು. ನಾನು ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.